ಗಿಟಾರಿನಲ್ಲಿ ಸ-ಪ-ಸ: ಓಪನ್ ಡಿ ಟ್ಯೂನಿಂಗ್ ಶುರು ಮಾಡುವುದು ಹೇಗೆ

ಗಿಟಾರ್ ಎತ್ತಿಕೊಳ್ಳಿ. ಎಡಗೈ ಎಲ್ಲೂ ಮುಟ್ಟಿಸದೆ, ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಹೆಬ್ಬೆರಳಿನಲ್ಲಿ ಒಂದು ಸಲ ಸವರಿ. ಇ, ಎ, ಡಿ, ಜಿ, ಬಿ, ಇ. ಕೇಳೋಕೆ ಕೆಟ್ಟದಾಗೇನೂ ಇಲ್ಲ, ಆದರೆ ಷಡ್ಜ, ಅಂದರೆ ಆಧಾರದ ಸ, ಯಾವುದು ಅಂತ ಕೇಳಿದರೆ ಹೇಳೋಕಾಗಲ್ಲ. ಎಡಗೈ ಬಂದು ಒಂದು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಹಿಡಿದ ಮೇಲೇ ಆ ಆರು ತಂತಿಗಳು ಒಂದು ಕಡೆ ಸೇರುವುದು.

ಎಡಗೈ ಇಲ್ಲದೆಯೇ ಆರು ತಂತಿಗಳೂ ಸೇರಿ ಒಂದು ಪೂರ್ತಿ ಕಾರ್ಡ್ ಆಗುವ ಹಾಗೆ ಶ್ರುತಿ ಮಾಡಿಕೊಂಡರೆ ಅದೇ ಓಪನ್ ಟ್ಯೂನಿಂಗ್. ಇದು ಹೊಸ ವಿಷಯವಲ್ಲ. ಹವಾಯಿಯ ಸ್ಲ್ಯಾಕ್ ಕೀ ವಾದಕರು ತಲೆಮಾರುಗಳಿಂದ ತಂತಿ ಸಡಿಲಿಸಿಯೇ ನುಡಿಸುತ್ತಿದ್ದಾರೆ. ಅಮೆರಿಕದ ಬ್ಲೂಸ್ ಗಿಟಾರಿಸ್ಟರಿಗೆ ಇದು ಮನೆಮಾತು. ಕೆನಡಾದ ಗಾಯಕಿ ಜೋನಿ ಮಿಚೆಲ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗೈ ಶಕ್ತಿ ಕುಂದಿತ್ತು. ಮಾಮೂಲಿ ಕಾರ್ಡ್‌ಗಳು ಕಷ್ಟವಾದಾಗ ಅವರು ತಂತಿಗಳನ್ನೇ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಹಾಗೆ ಹುಟ್ಟಿದ ಟ್ಯೂನಿಂಗ್‌ಗಳು ಒಂದೆರಡಲ್ಲ.

ಓಪನ್ ಜಿ, ಓಪನ್ ಸಿ, ಓಪನ್ ಇ ಅಂತ ಎಷ್ಟೋ ಇವೆ. ನಾನು ಇಲ್ಲಿ ಓಪನ್ ಡಿ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಕಾರಣ ಇದೆ. ಅದರ ಸ್ವರಗಳು ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಡಿ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಇದು ಸ, ಪ, ಸ, ಗ, ಪ, ಸ. ತಂಬೂರಿ ಕೇಳುತ್ತಾ ಬೆಳೆದ ಯಾರಿಗಾದರೂ ಈ ಸಾಲು ನೋಡಿದ ಕೂಡಲೇ ಮೈ ಜುಮ್ಮೆನ್ನಬೇಕು! ವೀಣೆಯ ನಾಲ್ಕು ಮುಖ್ಯ ತಂತಿಗಳೂ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಅಂತ ಸ-ಪ-ಸ-ಪ ಕ್ರಮದಲ್ಲೇ ಇಳಿಯುತ್ತವೆ ಅಲ್ವಾ. ಓಪನ್ ಡಿ ಆ ಮನೆತನದ್ದೇ.

ಇಂಟರ್ನೆಟ್ಟಿನಲ್ಲಿ ಓಪನ್ ಡಿ ಬಗ್ಗೆ ಸಿಗುವ ಪಾಠಗಳು ಹೆಚ್ಚಿನವು "ಒಂದೇ ಬೆರಳಲ್ಲಿ ಕಾರ್ಡ್ ಹಿಡಿಯಿರಿ" ಅಂತ ಶುರುವಾಗುತ್ತವೆ. ಅದು ನಿಜ, ಆದರೆ ಆ ದಾರಿಯಲ್ಲಿ ಹೋದರೆ ಎರಡು ದಿನಕ್ಕೆ ಬೇಜಾರಾಗಿ ತಂತಿ ವಾಪಸ್ ಬಿಗಿದುಬಿಡುತ್ತೀರಿ. ಇದನ್ನು ಮೊದಲು ಶ್ರುತಿ ಅಂತ ಕೇಳಿ. ಆಮೇಲೆ ಸ್ವರ, ಆಮೇಲೆ ಕಾರ್ಡ್. ಈ ಲೇಖನವೂ ಅದೇ ಕ್ರಮದಲ್ಲಿದೆ.

ತಂತಿ ಇಳಿಸುವುದು

ದಪ್ಪ ತಂತಿ 6ನೆಯದು, ತೀರಾ ಸಣ್ಣದು 1ನೆಯದು. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳಿಂದ ಭಾಗವಾದ ಒಂದೊಂದು ಮನೆಯೂ ಒಂದು ಫ್ರೆಟ್. ಬದಲಾಗುವುದು ನಾಲ್ಕೇ ತಂತಿ, ಅವೂ ಕೆಳಕ್ಕೇ. ಹಾಗಾಗಿ ತಂತಿ ಹರಿಯುವ ಭಯ ಬೇಡ.

6ನೇ ತಂತಿ: ಇ ಇಂದ ಡಿ ಗೆ, ಎರಡು ಫ್ರೆಟ್‌ನಷ್ಟು ಕೆಳಗೆ
5ನೇ ತಂತಿ: ಎ, ಹಾಗೇ ಇರಲಿ
4ನೇ ತಂತಿ: ಡಿ, ಹಾಗೇ ಇರಲಿ
3ನೇ ತಂತಿ: ಜಿ ಇಂದ ಎಫ್ ಶಾರ್ಪ್‌ಗೆ, ಒಂದು ಫ್ರೆಟ್‌ನಷ್ಟು ಕೆಳಗೆ
2ನೇ ತಂತಿ: ಬಿ ಇಂದ ಎ ಗೆ, ಎರಡು ಫ್ರೆಟ್ ಕೆಳಗೆ
1ನೇ ತಂತಿ: ಇ ಇಂದ ಡಿ ಗೆ, ಎರಡು ಫ್ರೆಟ್ ಕೆಳಗೆ

ಟ್ಯೂನರ್ ಇದ್ದರೆ ಅದನ್ನು ಹನ್ನೆರಡೂ ಸ್ವರ ತೋರಿಸುವ ಕ್ರೊಮ್ಯಾಟಿಕ್ ಮೋಡ್‌ನಲ್ಲಿ ಇಡಿ. ಬರೀ ಗಿಟಾರ್ ಮೋಡ್‌ನಲ್ಲಿದ್ದರೆ ಅದು ಎಫ್ ಶಾರ್ಪ್ ತೋರಿಸದೆ ಜಿ ಕಡೆಗೇ ಎಳೆಯುತ್ತಿರುತ್ತದೆ. ಇಳಿಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ: ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೇ ಹೋಗಿ, ಅಲ್ಲಿಂದ ಮೇಲಕ್ಕೆ ಬಿಗಿಯುತ್ತಾ ಬಂದು ನಿಲ್ಲಿಸಿ. ಮೇಲಿನಿಂದ ಇಳಿಸಿ ಹಾಗೇ ಬಿಟ್ಟರೆ ಪೆಗ್ಗಿನಲ್ಲಿ ಸಡಿಲ ಉಳಿದು, ನಾಲ್ಕು ಸಲ ಮೀಟುವಷ್ಟರಲ್ಲಿ ತಂತಿ ಇನ್ನೂ ಇಳಿದಿರುತ್ತದೆ.

ಎಲ್ಲಾ ತಂತಿ ಆಯಿತು ಅಂತ ಅಲ್ಲಿಗೇ ಬಿಡಬೇಡಿ. ನಾಲ್ಕು ತಂತಿಯ ಬಿಗಿ ಕಡಿಮೆಯಾದಾಗ ಗಿಟಾರಿನ ಕತ್ತು ಒಂಚೂರು ಹಿಂದಕ್ಕೆ ಸರಿಯುತ್ತದೆ, ಆಗ ಮುಟ್ಟದೇ ಬಿಟ್ಟಿದ್ದ 5 ಮತ್ತು 4ನೇ ತಂತಿಗಳು ಕೂಡ ಸ್ವಲ್ಪ ಏರಿರುತ್ತವೆ. ಇನ್ನೊಂದು ಸುತ್ತು ಹಾಕಿ. ತೇಲುವ ಟ್ರೆಮೊಲೊ ಬ್ರಿಡ್ಜ್ (ತಂತಿಗಳನ್ನು ಹಿಡಿದು, ಸ್ಪ್ರಿಂಗ್ ಮೇಲೆ ಅಲುಗಾಡುವ ಭಾಗ) ಇರುವ ಎಲೆಕ್ಟ್ರಿಕ್ ಗಿಟಾರ್ ಆದರೆ ಈ ಸುತ್ತು ಮುಗಿಯುವುದೇ ಇಲ್ಲ, ಅದರಲ್ಲಿ ಈ ಪ್ರಯೋಗ ಬೇಡ.

ಟ್ಯೂನರ್ ಇಲ್ಲದೆ ಮಾಡುವುದು ಇನ್ನೂ ಚೆನ್ನ. 7-5-4-3-5 ಅಂತ ನೆನಪಿಟ್ಟುಕೊಳ್ಳಿ. 6ನೇ ತಂತಿಯ 7ನೇ ಫ್ರೆಟ್ ಒತ್ತಿದರೆ 5ನೇ ತಂತಿಯ ಸ್ವರ ಬರಬೇಕು. 5ರಲ್ಲಿ 5ನೇ ಫ್ರೆಟ್ ಒತ್ತಿದರೆ 4ನೇ ತಂತಿ, 4ರಲ್ಲಿ 4 ಒತ್ತಿದರೆ 3ನೇ ತಂತಿ, 3ರಲ್ಲಿ 3 ಒತ್ತಿದರೆ 2ನೇ ತಂತಿ, 2ರಲ್ಲಿ 5 ಒತ್ತಿದರೆ 1ನೇ ತಂತಿ. ಶ್ರುತಿಪೆಟ್ಟಿಗೆ ಅಥವಾ ಫೋನಿನ ತಂಬೂರಿ ಆ್ಯಪನ್ನು ಡಿ ಗೆ ಇಟ್ಟುಕೊಂಡರೆ, ಅಂದರೆ ಹಾಡುವವರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಎರಡು ಅನ್ನುವ ಶ್ರುತಿಗೆ, ಕಿವಿಯಲ್ಲೇ ಕೂರಿಸಬಹುದು.

ಗಾಂಧಾರದ ಹದ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಟ್ಯೂನರ್ ಪ್ರಕಾರ ಎಲ್ಲಾ ಹಸಿರು ತೋರಿಸಿದ ಮೇಲೂ ಆರು ತಂತಿ ಒಟ್ಟಿಗೆ ಮೀಟಿದರೆ ಎಲ್ಲೋ ಒಂದು ಕಡೆ ಸಣ್ಣಗೆ ಅಲುಗಾಡಿದಂತೆ ಕೇಳಿಸುತ್ತದೆ. ಅದು 3ನೇ ತಂತಿ, ನಮ್ಮ ಗಾಂಧಾರ, ಅಂದರೆ ಗ. ಟ್ಯೂನರ್ ಕೊಡುವುದು ಪಿಯಾನೋದ ಲೆಕ್ಕದ ಎಫ್ ಶಾರ್ಪ್. ಅದು ಷಡ್ಜದಿಂದ ತಾನಾಗಿಯೇ ಹುಟ್ಟುವ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿರುತ್ತದೆ. ಒಂದು ಫ್ರೆಟ್ ಅಂದರೆ 100 ಸೆಂಟ್ಸ್, ಹಾಗಾಗಿ 14 ಅಂದರೆ ಕಿವಿಗೆ ಗೊತ್ತಾಗುವಷ್ಟೇ.

ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಮಂದ್ರ ಷಡ್ಜ ಮೀಟಿದಾಗ, ಯಾರೂ ನುಡಿಸದ ಗಾಂಧಾರವೊಂದು ಮೆಲ್ಲಗೆ ಕೇಳಿಸುತ್ತದಲ್ಲ, ಸ್ವಯಂಭೂ ಗಾಂಧಾರ ಅನ್ನುತ್ತಾರೆ, ಅದನ್ನೇ ಗಿಟಾರಿನಲ್ಲೂ ಹಿಡಿಯಬಹುದು. 6ನೇ ತಂತಿಯ ಮೇಲೆ, 4ನೇ ಫ್ರೆಟ್ಟಿನ ಲೋಹದ ಪಟ್ಟಿಗಿಂತ ಒಂಚೂರು ಹಿಂದೆ, ಅಂದರೆ ಪೆಗ್ಗಿನ ಕಡೆಗೆ, ಬೆರಳನ್ನು ಒತ್ತದೆ ಸುಮ್ನೆ ತಾಗಿಸಿ. ಬಲಗೈಯಲ್ಲಿ ಬ್ರಿಡ್ಜಿನ ಹತ್ತಿರ ಮೀಟಿ, ತಕ್ಷಣ ಎಡಬೆರಳು ಎತ್ತಿ. ಗಂಟೆಯ ಹಾಗೆ ಒಂದು ಎತ್ತರದ ಸ್ವರ ಬರುತ್ತದೆ, ಇದೇ ಹಾರ್ಮೋನಿಕ್. ಈಗ 3ನೇ ತಂತಿಯ 12ನೇ ಫ್ರೆಟ್ಟಿನ ಪಟ್ಟಿಯ ನೇರ ಮೇಲೆ ಬೆರಳು ತಾಗಿಸಿ ಅದೇ ರೀತಿ ಹಾರ್ಮೋನಿಕ್ ತೆಗೆಯಿರಿ. ಎರಡನ್ನೂ ಒಂದರ ಹಿಂದೆ ಒಂದು ಮೀಟಿ ಒಟ್ಟಿಗೆ ಮೊಳಗಲು ಬಿಟ್ಟರೆ, ಸೆಕೆಂಡಿಗೆ ಸುಮಾರು ಮೂರು ಸಲ ಧ್ವನಿ ಏರಿ ಇಳಿಯುವುದು ಕೇಳಿಸುತ್ತದೆ. 3ನೇ ತಂತಿಯನ್ನು ಕೂದಲೆಳೆಯಷ್ಟು ಇಳಿಸುತ್ತಾ ಹೋಗಿ. ಆ ಏರಿಳಿತ ನಿಧಾನವಾಗುತ್ತಾ ಬಂದು ನಿಂತುಬಿಡುತ್ತದೆ. ಈಗ ಆರೂ ತಂತಿ ಸವರಿ ನೋಡಿ. ಗಿಟಾರಿನ ಹೊಟ್ಟೆಯಲ್ಲೇ ತಂಬೂರಿ ಕೂತ ಹಾಗಿರುತ್ತದೆ.

ಇದಕ್ಕೆ ಒಂದು ಬೆಲೆ ಇದೆ. ತಂತಿ ಇಳಿಸಿದ ಮೇಲೆ ಅದರ ಮೇಲಿನ ಎಲ್ಲಾ ಫ್ರೆಟ್‌ಗಳೂ ಅಷ್ಟೇ ಇಳಿದಿರುತ್ತವೆ, 1ನೇ ಫ್ರೆಟ್ಟಿನ ಮಧ್ಯಮ ಕೂಡ. ರಾಗ ನುಡಿಸುತ್ತಾ ಕೂರುವುದಾದರೆ ಹೀಗೆ ಇಳಿಸಿಕೊಳ್ಳಿ, ಯಾರಿಗಾದರೂ ಕಾರ್ಡ್ ಹಿಡಿದು ಸಾಥ್ ಕೊಡುವುದಾದರೆ ಟ್ಯೂನರ್ ಹೇಳಿದಲ್ಲೇ ಬಿಡಿ. ನಾನಂತೂ ಮೊದಲನೆಯದನ್ನೇ ಇಷ್ಟಪಡುತ್ತೇನೆ.

ಮೊದಲು ಹೆಬ್ಬೆರಳು

ಎಡಗೈಯನ್ನು ಇನ್ನೂ ತರಬೇಡಿ. ತಂಬೂರಿಯಲ್ಲಿ ಪ, ಸ, ಸ, ಮಂದ್ರ ಸ ಅಂತ ಮೀಟುತ್ತಾರೆ. ನಿಮ್ಮ ಗಿಟಾರಿನಲ್ಲಿ ಈಗ ಅದೇ ತಂತಿಗಳು ಅದೇ ಎತ್ತರದಲ್ಲಿ ಸಿದ್ಧವಾಗಿವೆ: 5ನೇ ತಂತಿ ಪ, 4ನೇ ತಂತಿ ಸ, ಮತ್ತೆ 4, ಆಮೇಲೆ 6ನೇ ತಂತಿ ಮಂದ್ರ ಸ. ಹೆಬ್ಬೆರಳಿನಲ್ಲಿ 5, 4, 4, 6. ನಿಧಾನವಾಗಿ, ಒಂದರ ಧ್ವನಿ ಆರುವ ಮುಂಚೆ ಇನ್ನೊಂದು ಬರುವ ಹಾಗೆ. ಮಂದ್ರಕ್ಕೆ ಬಂದಾಗ ಒಂದು ಉಸಿರು ಬಿಡಿ.

ಇದನ್ನು ಹತ್ತು ನಿಮಿಷ ಮಾಡಿ, ಜೊತೆಗೆ ಹಾಡಲು ಬಂದರೆ ಹಾಡಿ. ಬಿಳಿ ಎರಡು ನಿಮ್ಮ ಗಂಟಲಿಗೆ ಹೊಂದದಿದ್ದರೆ ಕ್ಯಾಪೊ (ಆರೂ ತಂತಿಗಳನ್ನು ಒಂದೇ ಫ್ರೆಟ್ಟಿನಲ್ಲಿ ಒತ್ತಿಹಿಡಿಯುವ ಕ್ಲಿಪ್) ಹಾಕಿ: 3ನೇ ಫ್ರೆಟ್ಟಿನಲ್ಲಿ ಹಾಕಿದರೆ ಬಿಳಿ ನಾಲ್ಕು, 5ನೇ ಫ್ರೆಟ್ಟಿನಲ್ಲಿ ಬಿಳಿ ಐದು. ಕಪ್ಪು ಒಂದು ಬೇಕಿದ್ದರೆ ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಷ್ಟು ಇನ್ನೂ ಇಳಿಸಬೇಕು, ಕ್ಯಾಪೊದಿಂದ ಆಗಲ್ಲ.

ಈಗ ಸ್ವರ

ಮೋಹನ ರಾಗದಿಂದ ಶುರು ಮಾಡಿ. 4ನೇ ತಂತಿ ತೆರೆದದ್ದು ಸ. ಅದೇ ತಂತಿಯ 2ನೇ ಫ್ರೆಟ್ ರಿ. 3ನೇ ತಂತಿ ತೆರೆದದ್ದು ಗ. 2ನೇ ತಂತಿ ತೆರೆದದ್ದು ಪ. ಅದರ 2ನೇ ಫ್ರೆಟ್ ದ. 1ನೇ ತಂತಿ ತೆರೆದದ್ದು ತಾರ ಸ. ಗಮನಿಸಿದಿರಾ? ಪೂರ್ತಿ ಮೋಹನದ ಆರೋಹಣಕ್ಕೆ ಎಡಗೈ ಹೋಗುವುದು ಎರಡೇ ಜಾಗಕ್ಕೆ, ಎರಡೂ 2ನೇ ಫ್ರೆಟ್. ಉಳಿದ ಸ್ವರಗಳೆಲ್ಲ ತೆರೆದ ತಂತಿ. ಹಾಗಾಗಿ ಒಂದು ಸ್ವರ ಇನ್ನೊಂದರ ಮೇಲೆ ಮೊಳಗುತ್ತಾ ಹೋಗುತ್ತದೆ, ಮಾಮೂಲಿ ಟ್ಯೂನಿಂಗ್‌ನಲ್ಲಿ ಎಷ್ಟು ಕಷ್ಟಪಟ್ಟರೂ ಈ ನಾದ ಸಿಗುವುದಿಲ್ಲ. 2ನೇ ತಂತಿಯ ದ ಬಿಟ್ಟು 4ನೇ ಫ್ರೆಟ್ಟಿನ ನಿ ಒತ್ತಿದರೆ ಹಂಸಧ್ವನಿ.

ಸಂಗೀತ ಪಾಠಕ್ಕೆ ಹೋದವರಿಗೆಲ್ಲ ಸರಳೆ ವರಸೆ ಬಾಯಿಗೆ ಬರುತ್ತದೆ. ಅದನ್ನೇ ಇಲ್ಲಿ ತನ್ನಿ. ಮಾಯಾಮಾಳವಗೌಳ ಹೀಗೆ ಕೂರುತ್ತದೆ:

4ನೇ ತಂತಿ: ತೆರೆದದ್ದು ಸ, 1ನೇ ಫ್ರೆಟ್ ರಿ
3ನೇ ತಂತಿ: ತೆರೆದದ್ದು ಗ, 1ನೇ ಫ್ರೆಟ್ ಮ
2ನೇ ತಂತಿ: ತೆರೆದದ್ದು ಪ, 1ನೇ ಫ್ರೆಟ್ ದ, 4ನೇ ಫ್ರೆಟ್ ನಿ
1ನೇ ತಂತಿ: ತೆರೆದದ್ದು ಸ

ತೋರುಬೆರಳು 1ನೇ ಫ್ರೆಟ್ ಬಿಟ್ಟು ಕದಲುವುದಿಲ್ಲ, ನಿ ಗೆ ಮಾತ್ರ ಕಿರುಬೆರಳು. ಮೊದಲನೇ ಕಾಲದಲ್ಲಿ ಆದಿತಾಳ ಇಟ್ಟುಕೊಂಡು ನುಡಿಸಿ. ತಾಳದ ಮೊದಲ ಮತ್ತು ಐದನೇ ಎಣಿಕೆಗೆ ಹೆಬ್ಬೆರಳಿನಲ್ಲಿ 6ನೇ ತಂತಿ ಮೀಟುತ್ತಾ ಹೋಗಿ. ಇಲ್ಲಿ ಒಂದು ಎಚ್ಚರಿಕೆ: ಸ, ರಿ ಎರಡೂ 4ನೇ ತಂತಿಯಲ್ಲೇ ಇರುವುದರಿಂದ, ಸ್ವರ ನುಡಿಸುವಾಗ ಹೆಬ್ಬೆರಳು ತಂಬೂರಿಯ ಪೂರ್ತಿ ಸುತ್ತು ಹಾಕೋಕೆ ಹೋದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಆಗ 6 ಮತ್ತು 5ನೇ ತಂತಿ ಸಾಕು.

ಪೂರ್ತಿ 5-4-4-6 ಬೇಕೇ ಬೇಕು ಅಂದರೆ ರಾಗವನ್ನು 1ನೇ ತಂತಿಗೆ ಒಯ್ಯಿರಿ. ಮೋಹನಕ್ಕೆ ಒಂದೇ ತಂತಿಯಲ್ಲಿ 0, 2, 4, 7, 9, 12. ಹೀಗೆ ಒಂದೇ ತಂತಿಯಲ್ಲಿ ನುಡಿಸುವುದಕ್ಕೆ ಇನ್ನೊಂದು ಲಾಭ ಇದೆ. ತಂತಿ ಎರಡು ಫ್ರೆಟ್‌ನಷ್ಟು ಸಡಿಲವಾಗಿರುವುದರಿಂದ ಎಳೆಯಲು ಹಗುರ. 2ನೇ ಫ್ರೆಟ್ಟಿನ ರಿ ಒತ್ತಿಕೊಂಡು ತಂತಿಯನ್ನು ಪಕ್ಕಕ್ಕೆ ಎಳೆದರೆ ಗ ವರೆಗೂ ಹೋಗಬಹುದು, ಅಥವಾ ರಿ ಇಂದ ಗ ಗೆ ಬೆರಳು ಎತ್ತದೆ ಜಾರಬಹುದು. ಗಮಕ ಅನ್ನುವುದು ಗಿಟಾರಿನಲ್ಲಿ ಆಗಲ್ಲ ಅಂತ ಕೈಬಿಟ್ಟವರು ಇಲ್ಲಿ ಇನ್ನೊಮ್ಮೆ ಪ್ರಯತ್ನಿಸಿ.

ಎಲ್ಲಾ ರಾಗವೂ ಇಲ್ಲಿ ಕೂರುವುದಿಲ್ಲ. ಹಿಂದೋಳ, ಶ್ರೀರಂಜನಿಯಂಥ ಪಂಚಮ ಇಲ್ಲದ ರಾಗಗಳಿಗೆ 5 ಮತ್ತು 2ನೇ ತಂತಿಗಳು ಅಡ್ಡ ಬರುತ್ತವೆ. ಆಭೇರಿ, ಖರಹರಪ್ರಿಯದಂಥ ಸಾಧಾರಣ ಗಾಂಧಾರದ ರಾಗಗಳಿಗೆ 3ನೇ ತಂತಿಯನ್ನು ಇನ್ನೊಂದು ಫ್ರೆಟ್‌ನಷ್ಟು ಇಳಿಸಿ ಎಫ್ ಮಾಡಿಕೊಳ್ಳಿ, ಆಗ ಅದು ಓಪನ್ ಡಿ ಮೈನರ್ ಆಗುತ್ತದೆ.

ಕಾರ್ಡ್‌ಗಳು, ಬೇಗ ಬೇಗ

ಒಂದು ಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಇಟ್ಟರೆ 5ನೇ ಫ್ರೆಟ್ಟಿನಲ್ಲಿ ಜಿ, 7ರಲ್ಲಿ ಎ, 12ರಲ್ಲಿ ಮತ್ತೆ ಡಿ. ಹಾಡಿಗೆ ಇಷ್ಟೂ ಸಾಕಾಗಬಹುದು, ಆದರೆ ಆಗ ತೆರೆದ ತಂತಿಗಳ ಮೊಳಗು ಪೂರ್ತಿ ಸತ್ತುಹೋಗುತ್ತದೆ. ಅದಕ್ಕೆ ಈ ಹಿಡಿತ ಕಲಿಯಿರಿ: ನಡುಬೆರಳು 5ನೇ ತಂತಿಯ 2ನೇ ಫ್ರೆಟ್, ತೋರುಬೆರಳು 3ನೇ ತಂತಿಯ 1ನೇ ಫ್ರೆಟ್, ಉಂಗುರ ಬೆರಳು 2ನೇ ತಂತಿಯ 2ನೇ ಫ್ರೆಟ್. ಉಳಿದ ಮೂರು ತಂತಿ ತೆರೆದೇ ಇರಲಿ. ಇದು ಜಿ, ಕೆಳಗೆ ಡಿ ಮೊಳಗುತ್ತಾ ಇರುವ ಜಿ.

ಈಗ ತೋರುಬೆರಳು ಮಾತ್ರ ಎತ್ತಿ, 6ನೇ ತಂತಿ ಬಿಟ್ಟು ಮೀಟಿ. ಅದು ಬಿ ಮೈನರ್. ಮತ್ತೆ ತೋರುಬೆರಳು ಇಟ್ಟು, ಈ ಸಲ ನಡುಬೆರಳನ್ನು 5ರಿಂದ 4ನೇ ತಂತಿಗೆ, ಉಂಗುರ ಬೆರಳನ್ನು 2ರಿಂದ 1ನೇ ತಂತಿಗೆ ಸರಿಸಿ, ಫ್ರೆಟ್ ಅದೇ. 6ನೇ ತಂತಿ ಬಿಟ್ಟು ಮೀಟಿದರೆ ಎ7 ಕೆಲಸ ಮಾಡುವ ಕಾರ್ಡ್ ಸಿಗುತ್ತದೆ. ಜಿ ಇಂದ ಇಲ್ಲಿಗೆ ಬರಲು ತೋರುಬೆರಳು ಅಲ್ಲಾಡಬೇಕಿಲ್ಲ. ಎಡಗೈ ಎತ್ತಿದರೆ ಡಿ, ಇಟ್ಟರೆ ಜಿ, ಒಂದು ಬೆರಳು ಎತ್ತಿದರೆ ಬಿ ಮೈನರ್, ಎರಡು ಸರಿಸಿದರೆ ಎ. ಇಷ್ಟರಲ್ಲಿ ಎಷ್ಟೋ ಭಾವಗೀತೆಗಳಿಗೆ ಸಾಥ್ ಕೊಡಬಹುದು. ಡಿ ಮೈನರ್ ಬೇಕಾದಾಗ ಮಾತ್ರ ಒಂಚೂರು ತೊಡಕು, ತೆರೆದ ಗಾಂಧಾರ ಅಡ್ಡ ಬರುತ್ತದೆ. ಆಗ 4 ಮತ್ತು 3ನೇ ತಂತಿ ಎರಡರಲ್ಲೂ 3ನೇ ಫ್ರೆಟ್ ಒತ್ತಿ.

ಸ್ಲೈಡ್ ಬಗ್ಗೆ ಎರಡು ಮಾತು. ಗಾಜಿನ ಅಥವಾ ಹಿತ್ತಾಳೆಯ ಕೊಳವೆಯನ್ನು ಕಿರುಬೆರಳಿಗೆ ತೊಟ್ಟು, ತಂತಿಯನ್ನು ಒತ್ತದೆ, ಫ್ರೆಟ್ಟಿನ ಪಟ್ಟಿಯ ನೇರ ಮೇಲೆ ತಾಗಿಸಬೇಕು. ಎರಡು ಪಟ್ಟಿಗಳ ನಡುವೆ ಅಲ್ಲ. ಕೊಳವೆಯ ಹಿಂದಿನ ಬೆರಳುಗಳು ತಂತಿಯ ಮೇಲೆ ಮೆಲ್ಲಗೆ ಒರಗಿರಬೇಕು, ಇಲ್ಲದಿದ್ದರೆ ಕರಕರ ಸದ್ದು ಬರುತ್ತದೆ. ಇದು ನಿಮಗೆ ಹಿಡಿಸಿದರೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನುಡಿಸುವ ನಮ್ಮ ದೇಶದ ಪರಂಪರೆಯ ಕಡೆ ಹೋಗಿ. ಗಿಟಾರನ್ನೇ ಬದಲಾಯಿಸಿ ಮಾಡಿಕೊಂಡ ಮೋಹನ ವೀಣೆಯ ವಿಶ್ವಮೋಹನ ಭಟ್ ಅವರನ್ನು ಕೇಳಿ, ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಜೊತೆ ನುಡಿಸಿದ ಆಲ್ಬಮ್ಮಿಗೆ ಅವರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರು ಸ್ಲೈಡ್ ಗಿಟಾರಿನಲ್ಲಿ ನುಡಿಸುವ ಹಿಂದೂಸ್ತಾನಿ ರಾಗಗಳನ್ನೂ ಕೇಳಿ. ನಮ್ಮ ಗೋಟುವಾದ್ಯವೂ ಜಾರಿಸಿಯೇ ನುಡಿಸುವ ವಾದ್ಯ.

ಗಾಂಧಾರ ತೆಗೆದು ಮಧ್ಯಮ ಇಟ್ಟರೆ

ಓಪನ್ ಡಿ ಕೈಗೆ ಹತ್ತಿದ ಮೇಲೆ 3ನೇ ತಂತಿಯೊಂದನ್ನು ಮಾತ್ರ ವಾಪಸ್ ಜಿ ಗೆ ಏರಿಸಿ. ಡಿ, ಎ, ಡಿ, ಜಿ, ಎ, ಡಿ. ಇಂಗ್ಲೆಂಡಿನ ಗಿಟಾರಿಸ್ಟ್ ಡೇವಿ ಗ್ರಹಾಂ 1960ರ ದಶಕದ ಶುರುವಿನಲ್ಲಿ ಮೊರಾಕೊಗೆ ಹೋಗಿ, ಅಲ್ಲಿನ ಸಂಗೀತಗಾರರ ಜೊತೆ ನುಡಿಸಲು ಅನುಕೂಲವಾಗಲಿ ಅಂತ ಬಳಸಿದ ಟ್ಯೂನಿಂಗ್ ಇದು, ಆಮೇಲೆ ಐರಿಶ್ ಸಂಗೀತದವರು ಇದನ್ನು ತಮ್ಮದೇ ಮಾಡಿಕೊಂಡರು. ಗಾಂಧಾರ ಇಲ್ಲದ್ದರಿಂದ ಇದು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ. ನಮಗೆ ಇದು ಸ, ಪ, ಸ, ಮ, ಪ, ಸ.

ಇದರಲ್ಲಿ ಮಧ್ಯಮಾವತಿ ನುಡಿಸಿ ನೋಡಿ. 4ನೇ ತಂತಿ ತೆರೆದದ್ದು ಸ, 2ನೇ ಫ್ರೆಟ್ ರಿ, 3ನೇ ತಂತಿ ತೆರೆದದ್ದು ಮ, 2ನೇ ತಂತಿ ತೆರೆದದ್ದು ಪ, 3ನೇ ಫ್ರೆಟ್ ನಿ, 1ನೇ ತಂತಿ ತೆರೆದದ್ದು ಸ. ನಿ ಒತ್ತಿದ ಬೆರಳನ್ನು ತಾರ ಸ ಮೀಟುವವರೆಗೂ ಎತ್ತಬೇಡಿ, ಎರಡೂ ಒಂದು ಕ್ಷಣ ಉಜ್ಜಿಕೊಳ್ಳಲಿ. ಆಮೇಲೆ ನಿ ಬಿಡಿ. ಆ ಬಿಡುವ ಜಾಗದಲ್ಲೇ ರಾಗ ಇದೆ ಅನ್ನಿಸುತ್ತದೆ ನನಗೆ.

ಬರುವ ತೊಂದರೆಗಳು

6ನೇ ತಂತಿ ಬಡಬಡ ಅನ್ನುತ್ತಿದ್ದರೆ ಮೊದಲು ನಿಮ್ಮ ಬಲಗೈ ಮೆದು ಮಾಡಿ. ಸಡಿಲ ತಂತಿಗೆ ಹಳೇ ಜೋರು ಬೇಕಾಗಿಲ್ಲ. ಅದರ ಮೇಲೂ ಸದ್ದು ಬಂದರೆ ತಂತಿ ತೆಳುವಾಗಿದೆ ಅಂತ ಅರ್ಥ. ಅಂಗಡಿಯಿಂದ ಬರುವ ಎಷ್ಟೋ ಅಕೌಸ್ಟಿಕ್ ಗಿಟಾರ್‌ಗಳಲ್ಲಿ 10 ಅಥವಾ 11ರ ಸೆಟ್ (1ನೇ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳ ಲೆಕ್ಕದಲ್ಲಿ) ಇರುತ್ತದೆ. ಓಪನ್ ಡಿ ಯಲ್ಲೇ ಇರುತ್ತೀರಿ ಅಂದರೆ 12-53 ಸೆಟ್ ಹಾಕಿಸಿ, ಸ್ಲೈಡ್ ಜಾಸ್ತಿ ನುಡಿಸುವುದಾದರೆ 13ರದ್ದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಈ ಲೋಹದ ಸೆಟ್‌ಗಳನ್ನು ಹಾಕಬೇಡಿ, ಬ್ರಿಡ್ಜ್ ಕಿತ್ತುಬರುತ್ತದೆ. ಅದರಲ್ಲಿ ಇರುವ ನೈಲಾನ್ ತಂತಿಗಳನ್ನೇ ಇಳಿಸಿಕೊಂಡರೆ ಸಾಕು.

ಎಡಗೈ ಜೋರಾಗಿ ಒತ್ತಿದರೆ ಸಡಿಲ ತಂತಿಯ ಸ್ವರ ಏರಿಬಿಡುತ್ತದೆ. ತೆರೆದ ತಂತಿ ಸರಿಯಿದ್ದು ಒತ್ತಿದ ಸ್ವರ ಮಾತ್ರ ಬೇಸೂರಾದರೆ ತಂತಿಯನ್ನು ಬೈಯಬೇಡಿ, ಬೆರಳು ಹಗುರ ಮಾಡಿ. ಶ್ರುತಿ ಮಾಡುವಾಗ ಟಕ್ ಟಕ್ ಅಂತ ಸದ್ದು ಬಂದು ಸ್ವರ ನೆಗೆದು ನೆಗೆದು ಹೋಗುತ್ತಿದ್ದರೆ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ. ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಆ ಗೀರಿನೊಳಗೆ ತಿಕ್ಕಿದರೆ ಜಾರುತ್ತದೆ.

ಓಪನ್ ಇ ಅಂತ ಕೇಳಿದವರು ಇರಬಹುದು. ಅದು ಇದೇ ಟ್ಯೂನಿಂಗ್, ಎರಡು ಫ್ರೆಟ್ ಮೇಲೆ, ಆದರೆ ಮಾಮೂಲಿ ಟ್ಯೂನಿಂಗ್‌ನಿಂದ ಮೂರು ತಂತಿಗಳನ್ನು ಬಿಗಿಯಬೇಕು. ಅಕೌಸ್ಟಿಕ್ ಗಿಟಾರಿಗೆ ಆ ಭಾರ ಬೇಡ. ಓಪನ್ ಡಿ ಮಾಡಿ 2ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಅಲ್ಲಿಗೆ ಆಯಿತು.

ಮಾಮೂಲಿಗೆ ವಾಪಸ್ ಬರುವಾಗ ಮಾತ್ರ ಅವಸರ ಬೇಡ. ಈಗ ನಾಲ್ಕು ತಂತಿಗಳೂ ಮೇಲಕ್ಕೆ ಏರಬೇಕು, ಹಳೇ ತಂತಿಯಾದರೆ ಹರಿಯುವುದು ಈ ಹೊತ್ತಿನಲ್ಲೇ, ಅದೂ ಹೆಚ್ಚಾಗಿ 1ನೇ ತಂತಿ. ಮುಖವನ್ನು ಸ್ವಲ್ಪ ದೂರ ಇಟ್ಟುಕೊಂಡು, ದಪ್ಪ ತಂತಿಯಿಂದ ಶುರು ಮಾಡಿ, ಒಂದೊಂದನ್ನೂ ಎರಡು ಕಂತಿನಲ್ಲಿ ಏರಿಸಿ. ದಿನಾ ಹೀಗೆ ಏರಿಸಿ ಇಳಿಸಿ ಮಾಡುವುದಕ್ಕಿಂತ ಒಂದೆರಡು ವಾರ ಓಪನ್ ಡಿ ಯಲ್ಲೇ ಬಿಡುವುದು ತಂತಿಗೂ ಒಳ್ಳೆಯದು, ಕಿವಿಗೂ ಒಳ್ಳೆಯದು. ಮನೆಯಲ್ಲಿ ಯಾರೂ ಮುಟ್ಟದ ಹಳೇ ಗಿಟಾರ್ ಒಂದು ಮೂಲೆಯಲ್ಲಿದ್ದರೆ ಅದಕ್ಕೆ ಹೊಸ ತಂತಿ ಹಾಕಿಸಿ, ಅದನ್ನು ಸ-ಪ-ಸ-ಗ-ಪ-ಸ ಗೆ ಅಂತಲೇ ಮೀಸಲಿಡಿ.